ರಕ್ಷಣಾ ಆದೇಶದ ನಕಲು

ಹೊಲದ ಪತ್ರವನ್ನು ಹಿರಿಯರು ಪೆಟ್ಟಿಗೆಯಲ್ಲಿ ಜೋಪಾನವಾಗಿಡುತ್ತಾರೆ. ಹಾಗೆಯೇ ಕಾಪಾಡಬೇಕಾದ ಇನ್ನೊಂದು ಕಾಗದ, ನ್ಯಾಯಾಲಯದ ರಕ್ಷಣಾ ಆದೇಶದ ನಕಲು.

ಮನೆಯಲ್ಲಿ ಹೊಡೆತ, ಬೆದರಿಕೆಗಳಿಗೆ ಒಳಗಾದ ಹೆಂಗಸು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಹಿಂಸೆ ಕೊಡಕೂಡದು, ಆಕೆ ಕೆಲಸ ಮಾಡುವಲ್ಲಿಗೆ ಹೋಗಕೂಡದು ಎಂದು ಅವರು ವಿಧಿಸುವ ಕಟ್ಟಳೆಯೇ ರಕ್ಷಣಾ ಆದೇಶ. ಅದನ್ನು ಮೀರಿದವನಿಗೆ 1 ವರ್ಷದವರೆಗೆ ಸೆರೆಮನೆ, 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಆದರೆ ರಾತ್ರಿ ಠಾಣೆಗೆ ಓಡಿದಾಗ “ಆದೇಶವಾಗಿದೆ” ಎಂಬ ಬಾಯಿಮಾತಿಗಿಂತ ಕೈಯಲ್ಲಿರುವ ನಕಲಿಗೆ ಬಲ ಹೆಚ್ಚು. ಕಾಯಿದೆಯ 24ನೆಯ ಕಲಮಿನಂತೆ ಉಭಯ ಪಕ್ಷದವರಿಗೂ ಆ ಸರಹದ್ದಿನ ಠಾಣಾಧಿಕಾರಿಗೂ ನಕಲನ್ನು ಉಚಿತವಾಗಿ ಕೊಡಿಸಬೇಕಾದವರು ಮ್ಯಾಜಿಸ್ಟ್ರೇಟರೇ. ಕೈಸೇರದಿದ್ದರೆ ಮೊಕದ್ದಮೆಯ ಸಂಖ್ಯೆ, ಆದೇಶದ ತಾರೀಖು ಬರೆದು ಆ ನ್ಯಾಯಾಲಯದಲ್ಲೇ ಅರ್ಜಿ ಕೊಡಬೇಕು. ಹೆಂಗಸರಿಗೆ ಕಾನೂನು ಸೇವಾ ಸಮಿತಿಯ ಮೂಲಕ ವಕೀಲರ ನೆರವೂ ಉಚಿತ.

ನಮ್ಮ ಬೇರಿಕೆಯ ಕಡೆ ಆದೇಶ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಮಾತ್ರ ಬಲ್ಲವರು ವಕೀಲರಿಂದ ಸಾಲುಸಾಲಾಗಿ ಓದಿಸಿ ಅರ್ಥ ತಿಳಿಯಬೇಕು. ಒಂದು ಪ್ರತಿಯನ್ನು ತವರಿನಲ್ಲಿಯೋ ನಂಬಿದವರ ಮನೆಯಲ್ಲಿಯೋ ಇಡುವುದು ಲೇಸು.

ಮಕ್ಕಳೇ, ಈ ಪಾಠವನ್ನು ಇಂದು ಸಂಜೆ ಮನೆಯಲ್ಲಿ ಅಮ್ಮ, ಅಕ್ಕಂದಿರಿಗೆ ಓದಿಹೇಳಿರಿ.