ಹಾಲು ಕರೆಯುವ ಯಂತ್ರದ ಪಂಪಿನ ಎಣ್ಣೆ



ಹಾಲು ಕರೆಯುವ ಯಂತ್ರವಿರುವ ಮನೆಗಳಲ್ಲಿ ಕ್ಯಾನು, ಲೈನರು ತೊಳೆಯುವುದನ್ನು ಯಾರೂ ಮರೆಯುವುದಿಲ್ಲ. ವ್ಯಾಕ್ಯೂಮ್ ಪಂಪಿನ ಎಣ್ಣೆ ನೋಡುವವರು ಮಾತ್ರ ವಿರಳ. ಎಣ್ಣೆ ಕೆಟ್ಟರೆ ಒಳಗಿನ ಬ್ಲೇಡುಗಳು ಬೇಗ ಸವೆದು, ಪಂಪು ಗಾಳಿ ಎಳೆಯುವ ಶಕ್ತಿ ಕುಗ್ಗುತ್ತದೆ. ಆಗ ಹಾಲು ನಿಧಾನವಾಗಿ ಇಳಿಯುತ್ತದೆ, ಕಪ್ಪುಗಳು ಜಾರುತ್ತವೆ. ಕಪ್ಪು ಜಾರಿದಾಗ ಒಳನುಗ್ಗುವ ಗಾಳಿಯು ಹಾಲಿನ ಹನಿಗಳನ್ನು ರೋಗಾಣು ಸಮೇತ ಮೊಲೆತೊಟ್ಟಿನ ರಂಧ್ರಕ್ಕೆ ಚಿಮ್ಮಿಸಬಹುದು. ಕೆಚ್ಚಲು ಬಾವಿಗೆ ಅಷ್ಟೇ ಸಾಕು. ಗೇಜಿನ ಮುಳ್ಳು ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ನಡುವೆ, ನಿಮ್ಮ ಯಂತ್ರದ ಪುಸ್ತಿಕೆ ಹೇಳುವ ಗೆರೆಯಲ್ಲಿ ಅಲುಗದೆ ನಿಲ್ಲಬೇಕು.

ಎಣ್ಣೆ ಕಪ್ಪಾಗಿದ್ದರೆ ಬದಲಿಸಿ. ಮಜ್ಜಿಗೆಯಂತೆ ಬಿಳಿಚಿದ್ದರೆ ನೀರೋ ಹಾಲೋ ಸೇರಿದೆ. ಆಗ ಅವಧಿ ಮುಗಿಯಲೆಂದು ಕಾಯಬೇಡಿ. ಕ್ಯಾನು ತುಂಬಿ ಉಕ್ಕಿದಾಗ ಹೀಗಾಗುವುದುಂಟು.

ಹತ್ತು ನಿಮಿಷ ಪಂಪು ಓಡಿಸಿ. ಬೆಚ್ಚಗಿನ ಎಣ್ಣೆ ಸಲೀಸಾಗಿ ಬಸಿಯುತ್ತದೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ಅಡಿಯ ಬಿರಡೆ ಬಿಚ್ಚಿ. ಪುಸ್ತಿಕೆಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ತುಂಬಿ. ಟ್ರ್ಯಾಕ್ಟರಿನಿಂದ ಇಳಿಸಿದ ಎಣ್ಣೆ ಖಂಡಿತ ಬೇಡ. ತೊಟ್ಟಿಕ್ಕುವ ಬಾಟಲಿಯ ಪಂಪಾದರೆ ಬಸಿಯುವ ಕೆಲಸವಿಲ್ಲ, ಬಾಟಲಿ ಬರಿದಾಗದಂತೆ ನೋಡಿಕೊಂಡರಾಯಿತು. ಎಣ್ಣೆ ಬೇಡದ ಪಂಪುಗಳೂ ಇವೆ. ಅವಕ್ಕೆ ಹಾಕಿ ಕೆಡಿಸಬೇಡಿ.

ಇನ್ನು ಹಳೆಯ ಎಣ್ಣೆ. ಹುಳು ಬಿದ್ದ ಗಾಯಕ್ಕೆ ಇದನ್ನು ಸವರುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಬಿಡಿ. ಹಸು ಗಾಯವನ್ನು ನೆಕ್ಕುತ್ತದೆ, ವಿಷ ಹೊಟ್ಟೆ ಸೇರುತ್ತದೆ. ಗಾಯ ತೋರಿಸಲು ನಮ್ಮನ್ನು ಕರೆಯಿರಿ. ಎಣ್ಣೆಯನ್ನು ಮುಚ್ಚಳದ ಡಬ್ಬಿಗೆ ಹಾಕಿ, ಹಳೆ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿ. ಅಲ್ಲಿಯವರೆಗೆ ಮೇವು, ಹಿಂಡಿಯ ಹತ್ತಿರ ಇಡಬೇಡಿ.