ಕತ್ತಿಯ ಬಾಗು, ಕತ್ತಿಯ ಹದ

ಬಯಲುಸೀಮೆಯಿಂದ ಬಂದ ನಮ್ಮ ಗೆಳೆಯರಿಗೆ ‘ಕತ್ತಿ’ ಅಂದರೆ ರಾಜರ ಖಡ್ಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಾಗಲ್ಲ ಮಾರಾಯ್ರೆ. ಇಲ್ಲಿ ಕತ್ತಿ ಅಂದರೆ ಸೊಪ್ಪು ಕಡಿಯಲಿಕ್ಕೆ, ಬೊಂಡ ಕೆತ್ತಲಿಕ್ಕೆ, ಸೌದೆ ಸೀಳಲಿಕ್ಕೆ ಇರುವ, ಮೂತಿ ಒಳಕ್ಕೆ ಬಾಗಿದ ಉಪಕರಣ. ಅಡುಗೆಮನೆಯ ಮೆಟ್ಟುಕತ್ತಿ ಅದರ ತಂಗಿ.

ಬಾಗು ಯಾಕೆ? ನೇರ ಅಲಗನ್ನು ಓರೆಯಾಗಿ ಬೀಸಿದರೆ ಗೆಲ್ಲು ತುದಿಯ ಕಡೆ ಜಾರುತ್ತದೆ. ಬಾಗಿದ ಮೂತಿ ಅದನ್ನು ತಡೆದು ಒಳಕ್ಕೆ ಎಳೆಯುತ್ತದೆ. ಎಳೆಯುವಾಗ ಅಲಗು ಒತ್ತುವುದಷ್ಟೇ ಅಲ್ಲ, ಉದ್ದಕ್ಕೆ ಸರಿಯುತ್ತದೆ ಕೂಡ. 30 ಡಿಗ್ರಿ ಕೋನದ ಬಾಯಿ 60 ಡಿಗ್ರಿ ಓರೆಯಲ್ಲಿ ಸಾಗಿದರೆ ಮರಕ್ಕೆ ಸಿಗುವ ಕೋನ ಸುಮಾರು 16 ಡಿಗ್ರಿ ಮಾತ್ರ (ಟ್ಯಾನ್ 30 ಗುಣಿಸು ಕಾಸ್ 60, ಲೆಕ್ಕ ಹಾಕಿ ನೋಡಿ). ಅಂಚನ್ನು ತೆಳ್ಳಗೆ ಮಾಡದೆಯೇ ಹರಿತ ಹೆಚ್ಚಾದ ಹಾಗೆ. ಮೆಟ್ಟುಕತ್ತಿಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಸರಿಯುತ್ತದೆ, ಲೆಕ್ಕ ಅದೇ. ಹಲಸು ಕೊಯ್ಯುವಾಗ ಮಾತ್ರ ಮೊದಲು ತೆಂಗಿನೆಣ್ಣೆ ಸವರಬೇಕು, ಇಲ್ಲದಿದ್ದರೆ ಮೇಣದ ಮುಂದೆ ಯಾವ ಸೂತ್ರವೂ ನಡೆಯುವುದಿಲ್ಲ.

ಒಳ್ಳೆ ಕತ್ತಿಗೆ ಆಚಾರಿಗಳು ಹುಡುಕುವುದು ಹಳೇ ಲಾರಿ, ಜೀಪುಗಳ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ, ಹದಕ್ಕೆ ಸಾಕು. ಕುಲುಮೆ ಮಬ್ಬುಗತ್ತಲಲ್ಲಿ ಇರುವುದು ಬಡತನಕ್ಕಲ್ಲ, ಕಾದ ಉಕ್ಕಿನ ಬಣ್ಣ ಕಾಣಲಿಕ್ಕೆ. ನಮ್ಮ ಲ್ಯಾಬಿನ ಫರ್ನೇಸ್ ಅಂಕಿಯಲ್ಲಿ ಹೇಳುವುದನ್ನು ಅವರು ಕಣ್ಣಿನಲ್ಲೇ ಓದುತ್ತಾರೆ. 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿ ಬಾಯಿಯಷ್ಟನ್ನೇ ಅದ್ದಿದರೆ ಅಂಚು ಗಟ್ಟಿ, ಬೆನ್ನು ಮೆದು. ಪೂರ್ತಿ ಗಟ್ಟಿಯಾದ ಕತ್ತಿ ಗಂಟಿಗೆ ಬಡಿದರೆ ಚಕ್ಕೆ ಹಾರುತ್ತದೆ. ಆದ್ದರಿಂದ ಮತ್ತೆ ಹದವಾಗಿ ಕಾಯಿಸಿ ಆ ಬಿರುಸನ್ನು ಇಳಿಸಬೇಕು: ಒಣಹುಲ್ಲಿನ ಬಣ್ಣ ಬಂದರೆ ಸುಮಾರು 230 ಡಿಗ್ರಿ, ನೀಲಿ ಬಂದರೆ ಸುಮಾರು 300.

ಈ ನೀಲಿಯ ವಿಷಯ ನಮಗೆ ಬೇಕಾದದ್ದು. ಮನೆಯ ಮೊಂಡು ಕತ್ತಿಯನ್ನು ವರ್ಕ್‌ಶಾಪಿನ ಗ್ರೈಂಡರಿಗೆ ಕೊಡುವವರು ನಮ್ಮಲ್ಲಿದ್ದಾರೆ. ಕಿಡಿ ಹಾರುತ್ತದೆ, ಅಂಚು ನೀಲಿಯಾಗುತ್ತದೆ, ಕತ್ತಿ ಫಳಫಳ ಅನ್ನುತ್ತದೆ. ಆದರೆ ಆಚಾರಿ ಹಾಕಿದ ಹದ ಅಲ್ಲಿಗೆ ಇಳಿಯಿತು. ತೋಟದಲ್ಲಿ ಎರಡು ದಿನಕ್ಕೇ ಬಾಯಿ ಮಡಚುತ್ತದೆ. ಮೊಂಡು ಕತ್ತಿಗೆ ಜೋರು ಹಾಕಬೇಕಾಗುತ್ತದೆ, ಜೋರು ಹಾಕಿದ ಕತ್ತಿ ಜಾರಿದರೆ ಹೋಗುವುದು ಕಾಲಿಗೆ. ಮಸೆಗಲ್ಲಿಗೆ ನೀರು ಹಾಕಿ, ಒಳಬಾಗಿಗೆ ಉರುಟು ಕಲ್ಲು ಹಿಡಿದು ನಿಧಾನ ಮಸೆಯಿರಿ. ಚಕ್ಕೆ ಎದ್ದಿದ್ದರೆ ಕುಲುಮೆಗೇ ಒಯ್ಯಿರಿ.