ಕಷ್ಟ ಬರುವ ಮೊದಲೇ ಕೆಲಸ ಹಂಚಿಕೊಂಡ ಸಭೆ

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಾದರೂ ಸರಿ.

ಆಫೀಸ್‌ನಲ್ಲಿ ನೀವು ‘ರೆಸಿಲಿಯನ್ಸ್’ ಅನ್ನೋ ಮಾತು ಕೇಳಿರ್ತೀರಿ. ಪೆಟ್ಟು ಬಿದ್ದರೂ ಮುರಿಯದೆ, ಹೊಸ ಪರಿಸ್ಥಿತಿಗೆ ಹೊಂದಿಕೊಂಡು ಬೆಳೆಯೋ ಶಕ್ತಿ. ಒಂದು ಕಂಪನಿಗೆ, ಒಂದು ಸಭೆಗೆ ಅದು ಎಲ್ಲಿಂದ ಬರುತ್ತೆ? ಮೊದಲು ನನ್ನ ತಪ್ಪು ಹೇಳ್ತೀನಿ.

2020ರ ಮಾರ್ಚ್ 25, ಲಾಕ್‌ಡೌನ್ ಶುರುವಾಯ್ತು. 21 ದಿನ ತಾನೇ, ಆಮೇಲೆ ಮೊದಲಿನ ಹಾಗೇ ಸೇರೋಣ ಅಂತ ನಾನು ಕಾದು ಕೂತೆ. ಎಲ್ಲರ ಫೋನ್ ನಂಬರ್ ಇದ್ದದ್ದು ನನ್ನ ಹತ್ತಿರ ಮಾತ್ರ. ಯಾರಿಗೆ ಏನು ಬೇಕು ಅಂತ ನೋಡೋದೂ ನಾನೊಬ್ಬನೇ. ಎರಡು ವಾರ ಕಳೆದ ಮೇಲೆ ಒಬ್ಬ ತಂಗಿ ಫೋನ್ ಮಾಡಿದಳು: “ಬ್ರದರ್, ಹಿಂದಿನ ಸಾಲಲ್ಲಿ ಕೂರೋ ಅಜ್ಜಿ ಮನೇಲಿ ಅಕ್ಕಿ ಮುಗಿದು ನಾಲ್ಕು ದಿನ ಆಯ್ತಂತೆ. ಅವರಿಗೆ ತಮಿಳು ಬಿಟ್ಟು ಬೇರೆ ಬರಲ್ಲ. ಯಾರಿಗೆ ಅಂತ ಹೇಳ್ತಾರೆ?” ನಿಜ ಹೇಳ್ತೀನಿ, ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ತಪ್ಪು ಹುಡುಕ್ತಿದ್ದಾಳೆ ಅನ್ನಿಸ್ತು. ಆ ರಾತ್ರಿ ಈ ಅಧ್ಯಾಯ ಓದಿದೆ.

ಒಂದು, ಅವರು ದೂರನ್ನು ಕೇಳಿದರು. ಯೆರೂಸಲೇಮಿನ ಸಭೆ ಬೆಳೆಯುತ್ತಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ಸಿಗುತ್ತಿರಲಿಲ್ಲ. ಗುಣುಗುಟ್ಟಿದವರ ಬಾಯಿ ಅಪೊಸ್ತಲರು ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆದು ವಿಷಯ ಮುಂದಿಟ್ಟರು.

ಎರಡು, ಬಿಡಬಾರದ್ದನ್ನು ಬಿಡಲಿಲ್ಲ, ಬದಲಿಸಬೇಕಾದ್ದನ್ನು ಬದಲಿಸಿದರು. ಪ್ರಾರ್ಥನೆ, ವಾಕ್ಯಸೇವೆ ಹಾಗೇ ಉಳಿಯಿತು. ಹಂಚುವ ಕೆಲಸ ಮಾತ್ರ ಏಳು ಜನರ ಕೈಗೆ ಹೋಯಿತು. 5ನೇ ವಚನ ನೋಡಿ: ಸ್ತೆಫನ, ಫಿಲಿಪ್ಪ ಮುಂತಾದ ಏಳೂ ಗ್ರೀಕ್ ಹೆಸರುಗಳೇ. ಯಾರ ಕಡೆಯಿಂದ ದೂರು ಬಂತೋ ಆ ಭಾಷೆ ಬಲ್ಲವರಿಗೇ ಜವಾಬ್ದಾರಿ ಕೊಟ್ಟಂತೆ ಕಾಣುತ್ತೆ.

ಮೂರು, ಪೆಟ್ಟು ಬಿದ್ದಾಗ ಕೆಲಸ ನಿಲ್ಲಲಿಲ್ಲ. 7ನೇ ಅಧ್ಯಾಯದಲ್ಲಿ ಸ್ತೆಫನನನ್ನು ಕಲ್ಲೆಸೆದು ಕೊಂದರು. 8ರಲ್ಲಿ ಹಿಂಸೆ ಎದ್ದು, ಅಪೊಸ್ತಲರನ್ನು ಬಿಟ್ಟು ಉಳಿದವರೆಲ್ಲ ಚದರಿಹೋದರು. ನಾಯಕರೆಲ್ಲ ಯೆರೂಸಲೇಮಿನಲ್ಲಿ, ಜನರೆಲ್ಲ ಹೊರಗೆ! ಆದರೂ ಸುವಾರ್ತೆ ಸಮಾರ್ಯಕ್ಕೆ ಮುಟ್ಟಿತು. ಮುಟ್ಟಿಸಿದ್ದು ಯಾರು? ಊಟ ಹಂಚಲು ನೇಮಕವಾದ ಫಿಲಿಪ್ಪ. 11ನೇ ಅಧ್ಯಾಯಕ್ಕೆ ಬನ್ನಿ. ಚದರಿದವರಿಂದ ಅಂತಿಯೋಕ್ಯದಲ್ಲಿ ಸಭೆ ಹುಟ್ಟಿತು. ಬರಗಾಲದ ಸುದ್ದಿ ಬಂದಾಗ ಯೂದಾಯದ ಸಹೋದರರಿಗೆ ಹಣ ಕಳಿಸಿದ್ದು ಅದೇ ಸಭೆ.

ಸ್ತೆಫನನ ಸಾವು ಚಿಕ್ಕ ನಷ್ಟ ಅಂತ ನಾನು ಹೇಳ್ತಿಲ್ಲ. ಅವನಿಗಾಗಿ ಅವರು ಬಹಳ ಗೋಳಾಡಿದರು ಅಂತ ವಾಕ್ಯವೇ ಹೇಳುತ್ತೆ. ಅಳುತ್ತಲೇ ಮುಂದೆ ನಡೆದರು.

ಮರುದಿನ ನಾವು ನನ್ನ ಫೋನಿನ ಪಟ್ಟಿಯನ್ನು ಏರಿಯಾ ಪ್ರಕಾರ ಹಂಚಿಕೊಂಡೆವು, ಒಂದೊಂದಕ್ಕೆ ಇಬ್ಬರಂತೆ. ಅಜ್ಜಿಯ ಏರಿಯಾ ಆ ತಂಗಿಗೇ ಕೊಟ್ಟೆವು, ಅವಳಿಗೆ ತಮಿಳು ಬರುತ್ತೆ. ಹಾಲ್ ತೆರೆದ ಮೇಲೂ ಆ ಪಟ್ಟಿ ನನ್ನ ಕೈಗೆ ವಾಪಸ್ ಬರಲಿಲ್ಲ. ಬರಬಾರದು ಕೂಡ.

ಈ ವಾರ ಎರಡು ಪ್ರಶ್ನೆ ಮನೆಗೆ ತಗೊಂಡು ಹೋಗಿ. ನೀವು ನಾಳೆ ಬರದಿದ್ದರೆ ನಿಂತುಹೋಗುವ ಕೆಲಸ ಯಾವುದು? ಅದನ್ನು ಒಬ್ಬರಿಗೆ ಕಲಿಸಿ. ಯಾರ ದೂರು ನಿಮಗೆ ಸಿಟ್ಟು ತರಿಸಿದೆ? ಅವರಿಗೆ ಫೋನ್ ಮಾಡಿ. ಕರ್ತನು ನಮಗೆ ಕೇಳುವ ಕಿವಿ ಕೊಡಲಿ. ಆಮೆನ್.